‘ಗ್ರೀಕ್’ ಪದದ ಜಾಡು ಹಿಡಿದು ಹೋದದ್ದು

ಗ್ರೀಸಿನ ಜನ ತಮ್ಮನ್ನು ಗ್ರೀಕರು ಅಂತ ಹೇಳಿಕೊಳ್ಳುವುದಿಲ್ಲ. ಅವರ ಬಾಯಲ್ಲಿ ಅವರು ಎಲಿನೆಸ್, ಅವರ ದೇಶ ಎಲಾದಾ. ಎರಡೂವರೆ ಸಾವಿರ ವರ್ಷದ ಹಿಂದಿನ ಉಚ್ಚಾರದಲ್ಲಿ ಹೆಲ್ಲೇನೆಸ್, ಹೆಲ್ಲಾಸ್. ಗ್ರೀಕ್ ಅನ್ನುವುದು ಇಂಗ್ಲಿಷಿನವರು. ಅವರಿಂದ ಕಲಿತ ನಾವೂ ಅದನ್ನೇ ಅನ್ನುತ್ತೇವೆ. ನಮ್ಮ ಹಳೆಯ ಪುಸ್ತಕ ತೆಗೆದರೆ ಅಲ್ಲಿ ಮೂರನೆಯದೇ ಒಂದು ಹೆಸರು: ಯವನರು. ಒಂದೇ ಜನಕ್ಕೆ ಮೂರು ಹೆಸರು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.

ಪದಗಳ ಮೂಲ ಹುಡುಕುವುದು ನನ್ನ ಹಳೇ ಹುಚ್ಚು. ಭಾಷಾವಿಜ್ಞಾನದ ಡಿಗ್ರಿ ಇಲ್ಲ, ನನ್ನ ಸಂಬಳದ ಕೆಲಸಕ್ಕೂ ಇದಕ್ಕೂ ನಂಟಿಲ್ಲ. ಬಿಡುವಾದಾಗ ಕೂತು ಒಂದು ಪದ ಹಿಡಿದು ಹಿಂದೆ ಹಿಂದೆ ಹೋಗುತ್ತೇನೆ, ಅಷ್ಟೇ. ಗ್ರೀಕ್ ಪದದ ಜಾಡಿನಲ್ಲಿ ಹೇಗೆ ಹೋದೆ, ಎಲ್ಲಿ ನೆಲ ಗಟ್ಟಿ ಇತ್ತು, ಎಲ್ಲಿ ಕುಸಿಯಿತು ಅನ್ನುವುದನ್ನು ಬರೆಯುತ್ತಿದ್ದೇನೆ. ಇಂಥ ಹುಚ್ಚಿರುವ ಬೇರೆಯವರಿಗೂ ಉಪಯೋಗವಾಗಬಹುದು.

ಮೊದಲು ನನ್ನ ಕಟ್ಟುಪಾಡು ಹೇಳುತ್ತೇನೆ. ಇವತ್ತಿನ ಪದದಿಂದ ಶುರು ಮಾಡಿ ಹಿಂದಕ್ಕೆ ಹೋಗಬೇಕು. ಪ್ರತಿ ಹೆಜ್ಜೆಗೂ ಯಾರೋ ಒಬ್ಬರು, ಯಾವುದೋ ಕಾಲದಲ್ಲಿ ನಿಜವಾಗಿ ಬರೆದ ಒಂದು ಸಾಲು ಬೇಕು. ಪದಮೂಲದ ನಿಘಂಟುಗಳಲ್ಲಿ ಕೆಲವು ರೂಪಗಳ ಹಿಂದೆ ಚಿಕ್ಕ ನಕ್ಷತ್ರ ಇರುತ್ತದೆ. ಆ ರೂಪ ಯಾರೂ ಬರೆದಿಟ್ಟದ್ದಲ್ಲ, ವಿದ್ವಾಂಸರು ಲೆಕ್ಕ ಹಾಕಿ ಕಟ್ಟಿದ್ದು ಅಂತ ಅದರ ಅರ್ಥ. ಲೆಕ್ಕ ಸರಿಯೇ ಇರಬಹುದು. ಆದರೂ ನಕ್ಷತ್ರ ಇರುವ ರೂಪವನ್ನು ನಾನು ಸಾಕ್ಷಿ ಅಂತ ಬರೆದುಕೊಳ್ಳುವುದಿಲ್ಲ. ಎಷ್ಟೋ ಲೇಖನಗಳಲ್ಲಿ ಈ ನಕ್ಷತ್ರವನ್ನೇ ಸುಮ್ನೆ ಉದುರಿಸಿಬಿಟ್ಟಿರುತ್ತಾರೆ. ಓದಿದವರು ಅದು ಶಾಸನದಲ್ಲೇ ಇದೆ ಅಂದುಕೊಳ್ಳುತ್ತಾರೆ.

ಎರಡನೆಯದು, ಗ್ರೀಕ್ ಅಕ್ಷರ ಕಲಿಯಿರಿ. ಭಾಷೆ ಬೇಡ, ಅಕ್ಷರ ಸಾಕು. ಕನ್ನಡದವರಿಗೆ ಇದು ನಿಜಕ್ಕೂ ಸುಲಭ. ಗ್ರೀಕಿನಲ್ಲಿ ಎ ಮತ್ತು ಏ ಬೇರೆ ಬೇರೆ ಅಕ್ಷರ: ಎಪ್ಸಿಲಾನ್, ಈಟಾ. ಒ ಮತ್ತು ಓ ಕೂಡ ಬೇರೆ: ಒಮಿಕ್ರಾನ್, ಒಮೆಗಾ. ಇಂಗ್ಲಿಷಿನಲ್ಲಿ ಬರೆಯುವವರು ಅದರ ನೆತ್ತಿ ಮೇಲೆ ಗೆರೆ ಎಳೆದು ಒದ್ದಾಡುತ್ತಾರೆ. ಸಂಸ್ಕೃತ ಬರೆಯುವ ನಾಗರಿಯಲ್ಲಿ ಹ್ರಸ್ವ ಎ, ಒ ಇಲ್ಲ. ನಮಗೆ ನಾಲ್ಕಕ್ಕೂ ಅಕ್ಷರ ಮೊದಲೇ ಇದೆ. ಹಳೆಯ ಗ್ರೀಕಿನ ಥೀಟಾ, ಫೈ, ಖೈ ಮಹಾಪ್ರಾಣಗಳು, ನಮ್ಮ ಥ, ಫ, ಖ ಇದ್ದ ಹಾಗೆ. ನಾನು ಟಿಪ್ಪಣಿಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದುಕೊಳ್ಳುತ್ತೇನೆ. ಇಂಗ್ಲಿಷ್ ಲಿಪಿಗಿಂತ ಅದೇ ಹೆಚ್ಚು ಖಚಿತ.

ಇನ್ನು ಹುಡುಕಾಟ. ಇಂಗ್ಲಿಷಿನ ಅತಿ ಹಳೆಯ ರೂಪಕ್ಕೆ ಬಾಸ್‌ವರ್ತ್–ಟಾಲರ್ ನಿಘಂಟು ನೋಡಿದೆ. ಹಳೆಗನ್ನಡಕ್ಕೆ ಕಿಟ್ಟೆಲ್ ಹೇಗೋ, ಹಳೆಯ ಇಂಗ್ಲಿಷಿಗೆ ಅದು ಹಾಗೆ. ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಅಲ್ಲಿ ಗ್ರೇಕಾಸ್ ಅನ್ನುವ ಬಹುವಚನ ಇದೆ. ಅದರ ಜೊತೆಗೆ ಕ್ರೇಕಾಸ್ ಅಂತಲೂ ಇದೆ. ಒಂಬತ್ತನೇ ಶತಮಾನದ ಕೊನೆಯಲ್ಲಿ, ಆಲ್‌ಫ್ರೆಡ್ ದೊರೆಯ ಕಾಲದಲ್ಲಿ, ಒರೋಸಿಯಸ್‌ನ ಇತಿಹಾಸವನ್ನು ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ತಂದರು. ಅದರಲ್ಲಿ ಕಾಣುವುದು ಈ ಕ್ರೇಕ ರೂಪವೇ.

ಗ ಇದ್ದ ಕಡೆ ಕ ಯಾಕೆ ಬಂತು? ಬರೆದವನ ಕೈತಪ್ಪು ಅನ್ನೋಣವೆಂದರೆ ಹಳೆಯ ಜರ್ಮನ್ನಿನಲ್ಲೂ ಕಕಾರವೇ ಇದೆ. ಈ ಕಕಾರ ಹಿಡಿದು ಇನ್ನೂ ಹಿಂದಕ್ಕೆ ಹೋದರೆ ಗೋಥಿಕ್ ಭಾಷೆ ಸಿಗುತ್ತದೆ. ಇಂಗ್ಲಿಷ್, ಜರ್ಮನ್‌ಗಳ ಹಳೆಯ ದಾಯಾದಿ, ಈಗ ಸತ್ತುಹೋದ ಭಾಷೆ. ಇಡೀ ಹುಡುಕಾಟದಲ್ಲಿ ನನಗೆ ಅತಿ ಖುಷಿ ಕೊಟ್ಟ ಜಾಗ ಇದು.

ನಾಲ್ಕನೇ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ ಗೋಥರಿಗಾಗಿ ಬೈಬಲನ್ನು ಅವರ ಭಾಷೆಗೆ ತಂದ. ಅವನ ಹಿರಿಯರು ಕಪ್ಪಡೋಕಿಯದಿಂದ, ಅಂದರೆ ಈಗಿನ ಟರ್ಕಿಯ ಮಧ್ಯಭಾಗದಿಂದ, ಗೋಥರು ಸೆರೆ ಹಿಡಿದು ತಂದ ಕ್ರೈಸ್ತರು. ಅವನ ಮುಂದಿದ್ದದ್ದು ಗ್ರೀಕ್ ಮೂಲ. ಆ ಅನುವಾದದಲ್ಲಿ ಉಳಿದಿರುವುದನ್ನೆಲ್ಲ ಆಂಟ್‌ವರ್ಪ್ ವಿಶ್ವವಿದ್ಯಾಲಯದವರು ಪದಪದಕ್ಕೂ ವ್ಯಾಕರಣ ಬಿಡಿಸಿ ಜಾಲದಲ್ಲಿ ಇಟ್ಟಿದ್ದಾರೆ. ಗಲಾತ್ಯದವರಿಗೆ ಬರೆದ ಪತ್ರದ ಮೂರನೇ ಅಧ್ಯಾಯದ 28ನೇ ವಚನ ತೆಗೆದೆ. ಯೆಹೂದ್ಯನೆಂದಿಲ್ಲ, ಗ್ರೀಕನೆಂದಿಲ್ಲ ಅಂತ ಬರುವ ಸಾಲು. ಗ್ರೀಕ್ ಮೂಲ ಹೀಗಿದೆ: ‘ಊಕ್ ಎನಿ ಯೂದಾಯೊಸ್ ಊದೆ ಹೆಲ್ಲೇನ್’. ಗೋಥಿಕ್ ಹೀಗಿದೆ: ‘ನಿಸ್ತ್ ಯುದಾಯುಸ್ ನಿಹ್ ಕ್ರೇಕ್ಸ್’.

ಎರಡನ್ನೂ ಒಂದರ ಕೆಳಗೊಂದು ಬರೆದು ನೋಡಿ. ಯೂದಾಯೊಸ್ ಅನ್ನುವುದನ್ನು ವುಲ್ಫಿಲ ಹಾಗೆಯೇ ಎತ್ತಿಕೊಂಡಿದ್ದಾನೆ. ಹೆಲ್ಲೇನ್ ಕಣ್ಣೆದುರಿಗೇ ಇದೆ, ಅದನ್ನು ಮಾತ್ರ ಎತ್ತಿಕೊಂಡಿಲ್ಲ. ಕ್ರೇಕ್ಸ್ ಅಂತ ಹಾಕಿದ್ದಾನೆ. ಅಂದರೆ ಆ ಹೊತ್ತಿಗೆ ಗೋಥರ ಮಾತಿನಲ್ಲಿ ಈ ಜನಕ್ಕೆ ಒಂದು ಹೆಸರು ಆಗಲೇ ಗಟ್ಟಿಯಾಗಿ ಕೂತಿತ್ತು. ಆ ಹೆಸರು ಬಂದದ್ದು ಗ್ರೀಕಿನಿಂದ ಅಲ್ಲ, ಲ್ಯಾಟಿನ್ನಿನ ಗ್ರೈಕುಸ್‌ನಿಂದ.

ಕಕಾರದ ಗುಟ್ಟೂ ಇಲ್ಲೇ ಬಿಚ್ಚಿಕೊಳ್ಳುತ್ತದೆ. ಆ ಕಾಲದ ಜರ್ಮಾನಿಕ್ ಭಾಷೆಗಳಲ್ಲಿ, ಅಂದರೆ ಗೋಥಿಕ್, ಇಂಗ್ಲಿಷ್, ಜರ್ಮನ್ ಸೇರಿದ ಕುಟುಂಬದಲ್ಲಿ, ಪದದ ಮೊದಲಿಗೆ ಬರುವ ಗ ನಮ್ಮ ಗಕಾರದ ಹಾಗೆ ಗಟ್ಟಿ ಇರಲಿಲ್ಲ, ಗಂಟಲಲ್ಲಿ ಉಜ್ಜಿಕೊಂಡು ಬರುತ್ತಿತ್ತು ಅಂತ ಬಲ್ಲವರು ಹೇಳುತ್ತಾರೆ. ಲ್ಯಾಟಿನ್ನಿನ ಗಟ್ಟಿ ಗ ಕೇಳಿದಾಗ ಅವರಿಗೆ ಹತ್ತಿರ ಅನಿಸಿದ್ದು ತಮ್ಮ ಕ. ನಮ್ಮಲ್ಲಿ ಎಷ್ಟೋ ಜನರ ಬಾಯಲ್ಲಿ ಫ್ಯಾನು ಪ್ಯಾನು ಆಗುತ್ತದಲ್ಲ, ಹಾಗೆ. ಮುಂದೆ ಲ್ಯಾಟಿನ್ ಓದಿದವರ ಪ್ರಭಾವ ಹೆಚ್ಚಾದ ಮೇಲೆ ಇಂಗ್ಲಿಷಿನಲ್ಲಿ ಗ ಗೆದ್ದಿತು, ಕ ಬಿದ್ದುಹೋಯಿತು.

ಲ್ಯಾಟಿನ್ ಹೆಜ್ಜೆ ಸಲೀಸು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ತಾಣದಲ್ಲಿ ಲ್ಯಾಟಿನ್, ಗ್ರೀಕ್ ಎರಡರ ದೊಡ್ಡ ನಿಘಂಟುಗಳೂ ಇವೆ, ಮೂಲಪಠ್ಯಗಳೂ ಇವೆ. ಗ್ರೈಕುಸ್ ಪದಕ್ಕೆ ಬೇಕಾದಷ್ಟು ಸಾಕ್ಷಿ ಸಿಗುತ್ತದೆ. ಜೊತೆಗೆ ರೋಮನ್ನರ ಮನಸ್ಸೂ ಕಾಣುತ್ತದೆ. ಪ್ಲೌಟಸ್‌ನ ನಾಟಕದಲ್ಲಿ ಪೆರ್‌ಗ್ರೈಕಾರಿ ಅಂತ ಒಂದು ಕ್ರಿಯಾಪದ ಇದೆ. ಗ್ರೀಕರ ಹಾಗೆ ಕುಡಿದು ತಿಂದು ಮಜಾ ಉಡಾಯಿಸುವುದು ಅಂತ ಅರ್ಥ. ಗ್ರೈಕುಲುಸ್ ಅಂದರೆ ಗ್ರೀಕಪ್ಪ ಅನ್ನುವ ಹಾಗೆ, ಸ್ವಲ್ಪ ತಾತ್ಸಾರದ ಮಾತು. ಹಸಿದ ಗ್ರೀಕಪ್ಪನಿಗೆ ಆಕಾಶಕ್ಕೆ ಹೋಗು ಅಂದರೂ ಹೋಗುತ್ತಾನೆ ಅಂತ ಜುವೆನಾಲ್ ಕವಿ ಗೇಲಿ ಮಾಡುತ್ತಾನೆ. ಇವರಿಂದಲೇ ಕಾವ್ಯ, ವೈದ್ಯ, ತತ್ವ ಎಲ್ಲಾ ಕಲಿತವರು ಆಡುವ ಮಾತು ಇದು ಅನ್ನುವುದು ನೆನಪಿರಲಿ!

ಗ್ರೈಕುಸ್ ಅಲ್ಲದೆ ಗ್ರಾಯುಸ್ ಅಂತ ಇನ್ನೊಂದು ಚಿಕ್ಕ ರೂಪವೂ ಲ್ಯಾಟಿನ್ನಿನಲ್ಲಿದೆ. ಲುಕ್ರೀಷಿಯಸ್ ಕವಿ ತನ್ನ ಗುರು ಎಪಿಕ್ಯೂರಸ್‌ನನ್ನು ‘ಗ್ರಾಯುಸ್ ಹೊಮೊ’, ಗ್ರೀಕ್ ಮನುಷ್ಯ, ಅಂತ ಕರೆಯುತ್ತಾನೆ. ಹಾಗಾದರೆ ಪದದ ತಿರುಳು ‘ಗ್ರಾಯ್’, ಮುಂದಿನ ‘ಕುಸ್’ ಒಂದು ಪ್ರತ್ಯಯದ ತುಂಡು. ಈ ತಿರುಳು ಎಲ್ಲಿಯದು? ಇಲ್ಲಿಂದ ಮುಂದೆ ನೆಲ ಮೆತ್ತಗಾಗುತ್ತದೆ.

ಹೋಮರ್ ಏನೂ ಸಹಾಯ ಮಾಡುವುದಿಲ್ಲ. ಇಲಿಯಡ್‌ನಲ್ಲಿ ಟ್ರಾಯ್ ಮೇಲೆ ದಂಡೆತ್ತಿ ಹೋದವರು ಅಖಾಯರು, ದಾನಾಯರು, ಆರ್ಗಿವರು. ಹೆಲ್ಲೇನೆಸ್ ಅನ್ನುವುದು ಅಲ್ಲಿ ಅಖಿಲೀಸನ ಸೀಮೆಯ ಒಂದು ಸಣ್ಣ ಗುಂಪಿನ ಹೆಸರು. ಇದನ್ನು ಗ್ರೀಕ್ ಇತಿಹಾಸಕಾರ ಥ್ಯೂಸಿಡಿಡೀಸ್ ಕ್ರಿ.ಪೂ. ಐದನೇ ಶತಮಾನದಲ್ಲೇ ಗಮನಿಸಿ ಬರೆದಿಟ್ಟಿದ್ದಾನೆ. ಪಠ್ಯ ಮುಂದಿಟ್ಟುಕೊಂಡು ಪದ ಲೆಕ್ಕ ಹಾಕಿದ ಮನುಷ್ಯ. ನಮ್ಮ ಹವ್ಯಾಸಿಗಳ ಸಂಘಕ್ಕೆ ಅವನನ್ನು ಅಧ್ಯಕ್ಷ ಮಾಡಬಹುದು.

ಗ್ರೈಕೊಯ್ ಅನ್ನುವ ಬಹುವಚನ ಸ್ಪಷ್ಟವಾಗಿ ಕಾಣುವುದು ಅರಿಸ್ಟಾಟಲ್‌ನಲ್ಲಿ. ಹವಾಮಾನದ ಮೇಲೆ ಬರೆದ ಪುಸ್ತಕದಲ್ಲಿ ಪ್ರಳಯದ ಮಾತು ಬಂದಾಗ, ದೊದೋನಾ ಮತ್ತು ಅಖೆಲೋಸ್ ನದಿಯ ಸುತ್ತ ಸೆಲ್ಲೊಯ್ ಎಂಬವರೂ, ಆಗ ಗ್ರೈಕೊಯ್ ಎನಿಸಿಕೊಂಡು ಈಗ ಹೆಲ್ಲೇನೆಸ್ ಎನಿಸಿಕೊಳ್ಳುವವರೂ ಇದ್ದರು ಅನ್ನುತ್ತಾನೆ. ದೊದೋನಾ ಇರುವುದು ವಾಯವ್ಯ ಗ್ರೀಸಿನ ಎಪೈರಸ್‌ನಲ್ಲಿ. ಭೂಪಟ ತೆಗೆದು ನೋಡಿ, ಆ ಕರಾವಳಿಯ ಎದುರಿಗೇ ಬೂಟಿನ ಆಕಾರದ ಇಟಲಿಯ ಹಿಮ್ಮಡಿ. ಅಲ್ಲಿ ಒಟ್ರಾಂಟೊ ಜಲಸಂಧಿಯ ಅಗಲ ಸುಮಾರು 72 ಕಿ.ಮೀ. ಅಷ್ಟೇ. ಇಟಲಿಯ ಕಡೆಯವರಿಗೆ ಮೊದಲು ಸಿಕ್ಕ ಈ ಗುಂಪಿನ ಹೆಸರೇ ಇಡೀ ಜನಕ್ಕೆ ಅಂಟಿಕೊಂಡಿತು ಅನ್ನುವುದು ಒಂದು ವಾದ.

ಎರಡನೇ ಸಾಕ್ಷಿ ಪಾರೋಸ್ ದ್ವೀಪದ ಅಮೃತಶಿಲೆ. ಕ್ರಿ.ಪೂ. 264–263ರ ಹೊತ್ತಿಗೆ ಯಾರೋ ಗ್ರೀಕ್ ಇತಿಹಾಸವನ್ನು ವರ್ಷದ ಲೆಕ್ಕದಲ್ಲಿ ಕಲ್ಲಿನ ಮೇಲೆ ಕೆತ್ತಿಸಿದರು. ಮೊದಲು ಗ್ರೈಕೊಯ್ ಅಂತ ಕರೆಸಿಕೊಳ್ಳುತ್ತಿದ್ದವರು ಹೆಲ್ಲೇನ್ ರಾಜನ ಕಾಲದಿಂದ ಹೆಲ್ಲೇನೆಸ್ ಆದರು ಅಂತ ಅದರಲ್ಲಿದೆ. ಕಲ್ಲಿನ ದೊಡ್ಡ ತುಂಡು 1627ರಲ್ಲಿ ಲಂಡನ್ನಿಗೆ ಬಂತು. ಜಾನ್ ಸೆಲ್ಡನ್ ಎಂಬ ವಿದ್ವಾಂಸ ಕೂಡಲೇ ಅದನ್ನು ನಕಲು ಮಾಡಿ ಅಚ್ಚು ಹಾಕಿಸಿದ. ಪುಣ್ಯಕ್ಕೆ ಹಾಗೆ ಮಾಡಿದ. ಇಂಗ್ಲೆಂಡಿನ ಅಂತರ್ಯುದ್ಧದ ಗಲಾಟೆಯಲ್ಲಿ ಕಲ್ಲಿನ ಮೇಲ್ಭಾಗ ಕಾಣೆಯಾಯಿತು. ಅಗ್ಗಿಷ್ಟಿಕೆ ರಿಪೇರಿಗೆ ಬಳಸಿಬಿಟ್ಟರು ಅಂತ ಒಂದು ಕಥೆ ಇದೆ. ಉಳಿದ ಭಾಗ ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಮ್ಮಿನಲ್ಲಿದೆ. ನಮಗೆ ಬೇಕಾದ ಗ್ರೈಕೊಯ್ ಸಾಲು ಇದ್ದದ್ದು ಹೋದ ಭಾಗದಲ್ಲಿ. ಈಗ ಅದನ್ನು ಸೆಲ್ಡನ್ನನ ಪುಸ್ತಕದಲ್ಲೇ ಓದಬೇಕು.

ಹೆಸಿಯೋಡನ ಹೆಸರಿನಲ್ಲಿರುವ ಒಂದು ಹಳೆಯ ಕಾವ್ಯದ ಚೂರಿನಲ್ಲಿ ಗ್ರೈಕೊಸ್ ಎಂಬ ವೀರ ಬರುತ್ತಾನೆ. ಜ್ಯೂಸ್ ದೇವರಿಗೂ ಡ್ಯೂಕೇಲಿಯನ್ನನ ಮಗಳು ಪಂಡೋರಾಳಿಗೂ ಹುಟ್ಟಿದವನು. ಯಾವುದೇ ಕುಲಕ್ಕೆ ಅದೇ ಹೆಸರಿನ ಮೂಲಪುರುಷ ಇದ್ದರೆ ನಾನು ಅದನ್ನು ಪಕ್ಕಕ್ಕಿಡುತ್ತೇನೆ. ಹೆಸರು ಮೊದಲು ಹುಟ್ಟಿ, ಮನುಷ್ಯ ಆಮೇಲೆ ಹುಟ್ಟಿರುತ್ತಾನೆ. ಆದರೂ ಒಂದು ಮಾತು ಸಿಕ್ಕಿತು: ಅರಿಸ್ಟಾಟಲ್‌ಗಿಂತ ಎಷ್ಟೋ ಮುಂಚೆ ಗ್ರೀಸಿನಲ್ಲೇ ಈ ಹೆಸರು ಓಡಾಡುತ್ತಿತ್ತು.

ಇನ್ನೊಂದು ದಾರಿ ಪೂರ್ವ ಗ್ರೀಸಿನದು. ಇಲಿಯಡ್‌ನ ಎರಡನೇ ಭಾಗದಲ್ಲಿ ಹಡಗುಗಳ ಪಟ್ಟಿ ಬರುತ್ತದೆ. ಅದರಲ್ಲಿ ಬೊಯೋಷಿಯ ಸೀಮೆಯ ಊರುಗಳ ನಡುವೆ ಗ್ರಾಯಾ ಅಂತ ಒಂದು ಹೆಸರು, ಅರ್ಧ ಸಾಲಿನಲ್ಲಿ ಬಂದು ಹೋಗುತ್ತದೆ. ಜರ್ಮನಿಯ ಇತಿಹಾಸಕಾರ ಗೆಯೋರ್ಗ್ ಬುಸೋಲ್ಟ್ ಇದನ್ನು ಹಿಡಿದುಕೊಂಡ. ಅದರ ಎದುರಿಗಿರುವ ಯುಬೋಯಾ ದ್ವೀಪದವರು ಕ್ರಿ.ಪೂ. ಎಂಟನೇ ಶತಮಾನದಲ್ಲಿ ನೇಪಲ್ಸ್ ಹತ್ತಿರ ಕ್ಯೂಮೇ ಎಂಬ ವಲಸೆ ಊರು ಕಟ್ಟಿದರು. ಅವರ ಜೊತೆ ಗ್ರಾಯಾದವರೂ ಹೋಗಿದ್ದರು, ಲ್ಯಾಟಿನ್ ಜನಕ್ಕೆ ಮೊದಲು ಸಿಕ್ಕವರು ಅವರೇ ಅನ್ನುವುದು ಅವನ ಊಹೆ. ಕೇಳಲು ತುಂಬಾ ಚೆನ್ನಾಗಿದೆ. ಯುಬೋಯಾದವರ ಅಕ್ಷರಗಳೇ ರೋಮಿನ ನೆರೆಯ ಎಟ್ರಸ್ಕನ್ನರ ಮೂಲಕ ಲ್ಯಾಟಿನ್ ಲಿಪಿಯಾದವು, ಹಾಗಾಗಿ ಆ ಕಡೆಯ ಸಂಪರ್ಕ ಗಟ್ಟಿಯೇ ಇತ್ತು. ಆದರೆ ಥ್ಯೂಸಿಡಿಡೀಸ್ ತೆಗೆದು ನೋಡಿದರೆ ಕ್ಯೂಮೇ ಕಟ್ಟಿದವರು ಯುಬೋಯಾದ ಖಾಲ್ಕಿಸ್ ಊರಿನವರು ಅಂತಿದೆ. ಭೂಗೋಳ ಬರೆದ ಸ್ಟ್ರೇಬೋ ಖಾಲ್ಕಿಸ್, ಕೀಮೇ ಎಂಬ ಎರಡು ಊರುಗಳನ್ನು ಹೇಳುತ್ತಾನೆ. ಗ್ರಾಯಾ ಎರಡು ಕಡೆಯೂ ಇಲ್ಲ. ನನ್ನ ಟಿಪ್ಪಣಿಯಲ್ಲಿ ಬುಸೋಲ್ಟನ ಹೆಸರಿನ ಮುಂದೆ ‘ಊಹೆ’ ಅಂತ ಕೆಂಪು ಶಾಯಿಯಲ್ಲಿದೆ. ಎಪೈರಸ್ ದಾರಿಯೇ ನನಗೆ ಹೆಚ್ಚು ಒಪ್ಪುತ್ತದೆ, ಅಲ್ಲಿ ಅರಿಸ್ಟಾಟಲ್‌ನ ಸಾಲಾದರೂ ಇದೆ. ಹಾಗಂತ ಅದರ ಮೇಲೆ ಪ್ರಮಾಣ ಮಾಡಲಾರೆ.

ಗ್ರಾಯಾ ಅಂದರೆ ಗ್ರೀಕಿನಲ್ಲಿ ಮುದುಕಿ. ಹಾಗಾಗಿ ಗ್ರೀಕರು ಅಂದರೆ ಮುದುಕಿಯ ಮಕ್ಕಳು, ಹಿರಿಯರು, ತಲೆ ನರೆತವರು ಅಂತೆಲ್ಲ ಓದಲು ಸಿಗುತ್ತದೆ. ಸದ್ದು ಒಂದೇ ಇದ್ದ ಮಾತ್ರಕ್ಕೆ ಮೂಲ ಒಂದೇ ಆಗಬೇಕಿಲ್ಲ ಅಲ್ವಾ? ಒಂದು ಊರಿನ ಹೆಸರಿಗೆ ಅರ್ಥ ಇರಲೇಬೇಕು ಅನ್ನುವ ಹಟ ಹಿಡಿದರೆ ಇಂಥ ಕಥೆ ದಿನಕ್ಕೊಂದು ಕಟ್ಟಬಹುದು.

ಪಶ್ಚಿಮದ ದಾರಿ ಹೀಗೆ ಮಬ್ಬಾದ ಮೇಲೆ ಪೂರ್ವಕ್ಕೆ ತಿರುಗಿದೆ. ಅಲ್ಲಿ ಬೆಳಕು ಜಾಸ್ತಿ. ಈಗಿನ ಟರ್ಕಿಯ ಪಶ್ಚಿಮ ಕರಾವಳಿಯಲ್ಲಿ ನೆಲೆಸಿದ್ದ ಗ್ರೀಕರು ಅಯೋನಿಯರು. ಹಳೆಯ ರೂಪ ಇಯಾವೊನೆಸ್. ಕ್ರೀಟ್ ದ್ವೀಪದ ಕ್ನೋಸಸ್‌ನಲ್ಲಿ ಸಿಕ್ಕ, ಲೀನಿಯರ್ ಬಿ ಎಂಬ ಅತಿ ಹಳೆಯ ಗ್ರೀಕ್ ಲಿಪಿಯ ಜೇಡಿ ಹಲಗೆಯಲ್ಲಿ ಈ ಹೆಸರು ‘ವ’ ಸಮೇತ ಇದೆ. ಮುಂದೆ ಗ್ರೀಕರ ಬಾಯಲ್ಲಿ ನಡುವಿನ ವ ಸವೆದು ಇಯೋನೆಸ್ ಆಯಿತು. ಪರ್ಷಿಯದವರಿಗೆ ಎದುರಾದದ್ದು ಈ ಕರಾವಳಿಯವರು. ಅವರು ಎಲ್ಲಾ ಗ್ರೀಕರನ್ನೂ ಯೌನ ಅಂದರು. ಹೀಬ್ರೂನಲ್ಲಿ ಯಾವಾನ್, ಅರಬ್ಬಿಯಲ್ಲಿ ಯೂನಾನ್, ಸಂಸ್ಕೃತದಲ್ಲಿ ಯವನ, ಪ್ರಾಕೃತದಲ್ಲಿ ಯೋನ. ತಮ್ಮದೇ ಹೆಸರಿನಲ್ಲಿ ಗ್ರೀಕರು ಕಳೆದುಕೊಂಡ ವಕಾರವನ್ನು ನಾವು ಇನ್ನೂ ಇಟ್ಟುಕೊಂಡಿದ್ದೇವೆ!

ಇಲ್ಲಿ ಸಾಕ್ಷಿಗಳಿಗೆ ಬರವೇ ಇಲ್ಲ. ಪಾಣಿನಿಯ ಒಂದು ಸೂತ್ರದಲ್ಲಿ ಇಂದ್ರ, ವರುಣ, ಮಾತುಲ, ಆಚಾರ್ಯರ ಸಾಲಿನಲ್ಲೇ ಯವನ ಕೂತಿದೆ. ಯವನಾನೀ ಅಂದರೆ ಯವನರ ಲಿಪಿ ಅಂತ ಕಾತ್ಯಾಯನ ವಿವರಿಸುತ್ತಾನೆ. ಅಶೋಕನ ಹದಿಮೂರನೇ ಶಿಲಾಶಾಸನದಲ್ಲಿ ಅಂತಿಯೋಕ ಎಂಬ ಯೋನರಾಜ ಬರುತ್ತಾನೆ. ಮಧ್ಯಪ್ರದೇಶದ ವಿದಿಶಾ ಪಕ್ಕದ ಬೆಸನಗರದಲ್ಲಿ ಗರುಡಗಂಬ ನಿಲ್ಲಿಸಿದ ಹೆಲಿಯೊಡೋರಸ್ ತನ್ನನ್ನು ತಕ್ಷಶಿಲೆಯ ಯೋನದೂತ ಅಂದುಕೊಂಡಿದ್ದಾನೆ. ಕಲ್ಲಿನ ಮೇಲೆ ಒಬ್ಬ ಗ್ರೀಕ್ ಮನುಷ್ಯನೇ ಈ ಹೆಸರನ್ನು ತನಗೆ ಹಾಕಿಕೊಂಡಿರುವುದು ನನಗಂತೂ ಬಹಳ ದೊಡ್ಡ ಸಾಕ್ಷಿ.

ಗ್ರೀಕರಿಗೂ ಈ ವಿಷಯ ಗೊತ್ತಿತ್ತು. ಈಸ್ಕಿಲಸ್‌ನ ಪರ್ಷಿಯನ್ನರು ನಾಟಕ ರಂಗಕ್ಕೆ ಬಂದದ್ದು ಕ್ರಿ.ಪೂ. 472ರಲ್ಲಿ. ಬಿ.ಎಂ.ಶ್ರೀ ‘ಪಾರಸಿಕರು’ ಅಂತ ಕನ್ನಡಕ್ಕೆ ತಂದದ್ದು ಇದನ್ನೇ. ಗ್ರೀಕ್ ಮೂಲದ 178ನೇ ಸಾಲಿನಲ್ಲಿ ಪರ್ಷಿಯದ ರಾಜಮಾತೆ ತನ್ನ ಮಗ ‘ಇಯಾವೊನರ ನೆಲ’ವನ್ನು ಹಾಳುಗೆಡವಲು ಹೋದ ಅನ್ನುತ್ತಾಳೆ. ಬರೆದ ರೂಪ ಇಯಾಒನೋನ್, ವಕಾರ ಆಗಲೇ ಹೋಗಿತ್ತು. ಹೋದದ್ದು ಅಥೆನ್ಸಿನ ಮೇಲೆ, ಬಾಯಲ್ಲಿ ಬಂದದ್ದು ಅಯೋನಿಯರ ಹೆಸರು. ಪರ್ಷಿಯದವರು ಗ್ರೀಕರನ್ನು ಏನಂತ ಕರೆಯುತ್ತಾರೆ ಅಂತ ಕವಿಗೆ ಗೊತ್ತು, ಅದನ್ನೇ ಪಾತ್ರದ ಬಾಯಿಗೆ ಇಟ್ಟಿದ್ದಾನೆ.

ನಮ್ಮಲ್ಲಿ ಯವನ ಪದ ಮುಂದೆ ಬೇರೆ ದಾರಿ ಹಿಡಿಯಿತು. ವಾಯವ್ಯದಿಂದ ಬಂದ ಪರದೇಶಿಗಳೆಲ್ಲ ಯವನರಾದರು, ಆಮೇಲೆ ಮುಸಲ್ಮಾನರಿಗೆ ಆ ಹೆಸರು ನಿಂತಿತು. ‘ಯವನರಾಜ್ಯ ಸ್ಥಾಪನಾಚಾರ್ಯ’ ಅನ್ನುವ ಬಿರುದು ಇದ್ದ ಕೃಷ್ಣದೇವರಾಯ ಗ್ರೀಸಿಗೇನೂ ಹೋಗಿರಲಿಲ್ಲ, ಅದು ಬಹಮನಿ ರಾಜ್ಯದ ಮಾತು. ಹೀಗೆ ಪದ ಕೈಬಿಟ್ಟು ಹೋದ ಮೇಲೆ ಇಂಗ್ಲಿಷಿನ ಗ್ರೀಕ್ ಬಂದು ಜಾಗ ತುಂಬಿತು. ಅರಬ್ಬಿಯ ದಾರಿಯಲ್ಲಿ ಬಂದ ಯುನಾನಿ ಮಾತ್ರ ಉಳಿದಿದೆ. ಬೆಂಗಳೂರಿನ ಮಾಗಡಿ ರಸ್ತೆ ಕಡೆ ಹೋದರೆ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯ ಬೋರ್ಡು ಕಾಣುತ್ತದೆ. ಅಕ್ಷರಶಃ ಅದು ಅಯೋನಿಯದ ವೈದ್ಯ.

ಗ್ರೈಕೊಸ್ ಕಥೆಗೆ ಇನ್ನೊಂದು ಬಾಲ ಇದೆ. ರೋಮ್ ಸಾಮ್ರಾಜ್ಯದ ಪೂರ್ವ ಭಾಗದಲ್ಲಿ ಗ್ರೀಕ್ ಮಾತಾಡುವ ಜನ ನೂರಾರು ವರ್ಷ ತಮ್ಮನ್ನು ರೋಮಾಯೊಯ್, ಅಂದರೆ ರೋಮನ್ನರು, ಅಂತಲೇ ಕರೆದುಕೊಂಡರು. 1912ರಲ್ಲಿ ಗ್ರೀಕ್ ನೌಕಾಪಡೆ ಲೆಮ್ನೋಸ್ ದ್ವೀಪ ಹಿಡಿದಾಗ, ಹೆಲ್ಲೇನರು ಹೇಗಿರುತ್ತಾರೆ ನೋಡೋಣ ಅಂತ ಮಕ್ಕಳು ಓಡಿ ಬಂದರಂತೆ. ನೀವೂ ಹೆಲ್ಲೇನರೇ ಅಲ್ಲವೇ ಅಂತ ಸೈನಿಕ ಕೇಳಿದರೆ, ಅಲ್ಲ, ನಾವು ರೋಮನ್ನರು ಅಂದರಂತೆ. ಇದನ್ನು ಹೇಳಿದವರು ಅದೇ ದ್ವೀಪದಲ್ಲಿ ಹುಟ್ಟಿ ಮುಂದೆ ಅಮೆರಿಕದಲ್ಲಿ ಇತಿಹಾಸದ ಪ್ರಾಧ್ಯಾಪಕರಾದ ಪೀಟರ್ ಖರಾನಿಸ್. ಇದರ ನಡುವೆ ಗ್ರೈಕೊಸ್ ಕೂಡ ಸತ್ತಿರಲಿಲ್ಲ. 1821ರ ಸ್ವಾತಂತ್ರ್ಯ ಹೋರಾಟದಲ್ಲಿ ತುರ್ಕರ ಕೈಗೆ ಸಿಕ್ಕ ಅಥನಾಸಿಯೊಸ್ ಡಿಯಾಕೋಸ್, ಧರ್ಮ ಬದಲಿಸು ಅಂದಾಗ ‘ಗ್ರೈಕೊಸ್ ಆಗಿ ಹುಟ್ಟಿದೆ, ಗ್ರೈಕೊಸ್ ಆಗಿಯೇ ಸಾಯುತ್ತೇನೆ’ ಅಂದ ಅನ್ನುವುದು ಅಲ್ಲಿನ ಶಾಲಾ ಮಕ್ಕಳಿಗೂ ಗೊತ್ತು. ಹೆಲ್ಲೇನ್ ಅಂದಿದ್ದರೆ ನಮಗೆ ಸಹಜ ಅನಿಸುತ್ತಿತ್ತು. ಅವನಿಗೆ ಸಹಜವಾಗಿದ್ದದ್ದು ಇದು.

ಇಂಗ್ಲಿಷಿನಲ್ಲಿ ಗ್ರೀಕ್ ಜೊತೆಗೆ ಗ್ರೀಷಿಯನ್ ಅಂತ ಇನ್ನೊಂದಿದೆ. 1611ರ ಇಂಗ್ಲಿಷ್ ಬೈಬಲ್ ಎರಡನ್ನೂ ಬೇರೆ ಬೇರೆ ಅರ್ಥಕ್ಕೆ ಬಳಸಿದೆ. ಹೆಲ್ಲೇನ್ ಬಂದ ಕಡೆ ಸಾಮಾನ್ಯವಾಗಿ ಗ್ರೀಕ್. ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯದ ಶುರುವಿನಲ್ಲಿ ಹೆಲ್ಲೇನಿಸ್ತಾಯ್, ಅಂದರೆ ಗ್ರೀಕ್ ಮಾತಾಡುವ ಯೆಹೂದ್ಯರು, ಬಂದ ಕಡೆ ಗ್ರೀಷಿಯನ್. ಜನ ಬೇರೆ, ಭಾಷೆ ಆಡುವವರು ಬೇರೆ ಅನ್ನುವ ಈ ವ್ಯತ್ಯಾಸ ಇಂಗ್ಲಿಷಿನಲ್ಲಿ ಬಹಳ ಕಾಲ ನಿಲ್ಲಲಿಲ್ಲ. ಈಗ ಗ್ರೀಷಿಯನ್ ಉಳಿದಿರುವುದು ಹೆಚ್ಚಾಗಿ ಹೂದಾನಿ, ಮೂಗಿನ ವರ್ಣನೆಗೆ.

ಸದ್ಯ ನಾನು ಓದುತ್ತಿರುವುದು ಇಟಲಿಯ ಹಿಮ್ಮಡಿಯ ಬಗ್ಗೆ. ಅಲ್ಲಿನ ಸಲೆಂಟೊ ಸೀಮೆಯ ಕೆಲವು ಹಳ್ಳಿಗಳಲ್ಲಿ ಇವತ್ತಿಗೂ ವಯಸ್ಸಾದವರು ಗ್ರೀಕಿನ ಒಂದು ಬಗೆ ಮಾತಾಡುತ್ತಾರೆ. ಅದಕ್ಕೆ ಅವರು ಇಟ್ಟ ಹೆಸರು ಗ್ರೀಕೊ. ಇವರು ಕ್ಯೂಮೇ ಕಾಲದ ವಲಸಿಗರ ಪಳೆಯುಳಿಕೆ ಅಂತ ಜರ್ಮನಿಯ ಗೆರ್ಹಾರ್ಡ್ ರೋಲ್ಫ್ಸ್ ವಾದಿಸಿದ. ಅಲ್ಲ, ಸಾವಿರಕ್ಕೂ ಹೆಚ್ಚು ವರ್ಷ ಆಮೇಲೆ ಬಿಜಾಂಟಿಯಮ್, ಅಂದರೆ ಪೂರ್ವ ರೋಮ್ ಸಾಮ್ರಾಜ್ಯದ, ಆಳ್ವಿಕೆಯಲ್ಲಿ ಬಂದವರು ಅಂತ ಇಟಲಿಯ ಮೊರೋಸಿ, ಪಾರ್ಲಾಂಜೇಲಿ ಮೊದಲಾದವರು ಪಟ್ಟು ಹಿಡಿದರು. ಎರಡು ಕಡೆಯವರೂ ಕ್ರಿಯಾಪದಗಳ ಪಟ್ಟಿ ಮುಂದಿಟ್ಟೇ ಜಗಳ ಆಡುತ್ತಾರೆ. ಅದಕ್ಕೆ ಬರೀ ಅಕ್ಷರ ಸಾಲದು. ವ್ಯಾಕರಣವೂ ಬೇಕು. ಅದನ್ನು ಕಲಿಯಲು ಕೂತಿದ್ದೇನೆ.